ಬಾತ್ ಪಟ್ಟಣದಲ್ಲಿ ಎರಡು ತಾಸಿನ ನಡಿಗೆ

ಬಾತ್ ಎಂದೊಡನೆ ನಮ್ಮ ಮನೆಗಳಲ್ಲಿ ವಾಂಗಿಬಾತ್, ಬಿಸಿಬೇಳೆ ಬಾತ್ ನೆನಪಾಗುವುದು ಸಹಜ. ಇಂಗ್ಲೆಂಡಿನ ನೈರುತ್ಯ ಭಾಗದಲ್ಲಿ, ಏವನ್ ನದಿಯ ದಂಡೆಯ ಮೇಲಿರುವ ಬಾತ್ ಎಂಬ ಪಟ್ಟಣಕ್ಕೆ ಆ ಹೆಸರು ಬಂದದ್ದು ಸ್ನಾನದಿಂದ. ನೆಲದೊಳಗಿಂದ ಬಿಸಿನೀರು ತಾನಾಗಿ ಉಕ್ಕುವ ಊರು ಅದು. ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಒಂದೂವರೆ ತಾಸಿನ ದಾರಿ. ಜನಸಂಖ್ಯೆ ಒಂದು ಲಕ್ಷಕ್ಕಿಂತ ತುಸು ಕಡಿಮೆ. 1987ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2021ರಲ್ಲಿ ಯುರೋಪಿನ ಹೆಸರಾಂತ ಬಿಸಿನೀರಿನ ಪಟ್ಟಣಗಳ ಸಾಲಿನಲ್ಲಿ ಮತ್ತೊಮ್ಮೆ ಸೇರಿಸಿತು. ಮಗಳ ಮನೆಗೆ ಹೋಗಿದ್ದ ನಾವು ದಂಪತಿಗಳು ಅಲ್ಲಿ ಎರಡು ದಿನ ಇದ್ದೆವು.

ಊರು ನೋಡಲು ಮಹಡಿ ಬಸ್ಸುಗಳಿವೆ, ದುಡ್ಡು ಕೊಟ್ಟರೆ ಗೈಡುಗಳೂ ಸಿಗುತ್ತಾರೆ. ಆದರೆ ವಾಚಕರಿಗೆ ನಾವು ಹೇಳಬೇಕೆಂದಿರುವುದು ಅಲ್ಲಿಯ ಮೇಯರರ ಗೌರವ ಗೈಡುಗಳ ವಿಷಯ. 1934ರಲ್ಲಿ ಆರಂಭವಾದ ಪದ್ಧತಿ ಇದು. ಊರಿನವರೇ ಆದ ಸ್ವಯಂಸೇವಕರು ತರಬೇತಿ ಪಡೆದು, ಬಂದವರನ್ನು ಎರಡು ತಾಸು ಕಾಲ್ನಡಿಗೆಯಲ್ಲಿ ಊರೆಲ್ಲ ಸುತ್ತಿಸುತ್ತಾರೆ. ಫೀ ಇಲ್ಲ. ಭಕ್ಷೀಸನ್ನೂ ಮುಟ್ಟುವುದಿಲ್ಲ. ನಮ್ಮ ಗುಂಪಿನಲ್ಲಿದ್ದ ಒಬ್ಬರು ಕೊನೆಯಲ್ಲಿ ನೋಟನ್ನು ಮಡಿಸಿ ಕೈಗಿಡಲು ಹೋದಾಗ ನಮ್ಮ ಗೈಡ್, ಎಪ್ಪತ್ತರ ಆಸುಪಾಸಿನ ನಿವೃತ್ತ ಶಿಕ್ಷಕಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಕ್ಕರು. "ಇದನ್ನು ತೆಗೆದುಕೊಂಡರೆ ನಾಳೆಯಿಂದ ನಿಮಗೆ ಇಷ್ಟವಾಗುವುದನ್ನಷ್ಟೇ ಹೇಳಬೇಕಾಗುತ್ತದೆ" ಎಂದರು. ನಗುತ್ತ ಆಡಿದ ಮಾತೇ, ಆದರೆ ಎರಡು ತಾಸು ಅವರು ಹೇಳಿದ್ದನ್ನು ಕೇಳಿದವರಿಗೆ ಅದು ಬರೀ ತಮಾಷೆ ಎನಿಸಲಿಲ್ಲ.

ನಡಿಗೆ ಆರಂಭವಾಗುವುದು ಅಬ್ಬೆ ಎಂಬ ದೊಡ್ಡ ಚರ್ಚಿನ ಮುಂದಿನ ಅಂಗಳದಲ್ಲಿ, ಪಂಪ್ ರೂಮ್ ಎಂಬ ಕಟ್ಟಡದ ಹೊರಗೆ. ಚರ್ಚಿನ ಮುಖದ ಮೇಲೆ ಕಲ್ಲಿನ ಏಣಿಗಳಿದ್ದು ದೇವದೂತರು ಹತ್ತಿ ಇಳಿಯುತ್ತಿದ್ದಾರೆ. ಕೆಲವರು ತಲೆಕೆಳಗಾಗಿ ಇಳಿಯುತ್ತಿರುವುದನ್ನು ಕಂಡು ಮಕ್ಕಳಿಗೆ ನಗು. ನಾವು ನಿಂತ ಜಾಗದ ಪಕ್ಕದಲ್ಲಿಯೇ ದಿನಕ್ಕೆ ಸುಮಾರು 11,70,000 ಲೀಟರ್ ನೀರು 46 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಮೇಲೇರಿ ಬರುತ್ತದೆ. ಇದು ಸಾವಿರಾರು ವರ್ಷಗಳ ಹಿಂದೆ ಮೆಂಡಿಪ್ ಗುಡ್ಡಗಳ ಮೇಲೆ ಬಿದ್ದ ಮಳೆನೀರಂತೆ. ಸುಣ್ಣಕಲ್ಲಿನ ಬಿರುಕುಗಳಲ್ಲಿ ಎರಡು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ಭೂಗರ್ಭದ ಶಾಖದಲ್ಲಿ ಕಾದು, ತಿರುಗಿ ಮೇಲೆ ಬರುತ್ತದೆ. ಪುತ್ತೂರಿನ ಕಡೆಯ ಬೆಂದ್ರು ತೀರ್ಥವನ್ನು ಕಾಸರಗೋಡಿನ ವಾಚಕರು ನೋಡಿರಬಹುದು. ಮುಂಬಯಿ ಕಡೆಯ ವಜ್ರೇಶ್ವರಿ, ಗಣೇಶಪುರಿ ಸೋಲಾಪುರದವರಿಗೆ ಗೊತ್ತು. ನೀರಿನ ಸ್ವಭಾವ ಎಲ್ಲೆಡೆ ಒಂದೇ, ಅದರ ಸುತ್ತ ಹುಟ್ಟುವ ಕಥೆಗಳೂ ಹೆಚ್ಚು ಬೇರೆಯಲ್ಲ. ಇಲ್ಲಿಯ ಕಥೆ ಬ್ಲಾಡುಡ್ ಎಂಬ ರಾಜಕುಮಾರನದು. ಕುಷ್ಠರೋಗದಿಂದ ರಾಜ್ಯಭ್ರಷ್ಟನಾಗಿ ಹಂದಿ ಕಾಯುತ್ತಿದ್ದವನು, ಬಿಸಿ ಕೆಸರಿನಲ್ಲಿ ಹೊರಳಿದ ಹಂದಿಗಳ ಚರ್ಮ ವಾಸಿಯಾದದ್ದನ್ನು ಕಂಡು ತಾನೂ ಹೊರಳಿ ಗುಣವಾದನಂತೆ.

ಕಥೆ ಬಿಟ್ಟು ಚರಿತ್ರೆಗೆ ಬಂದರೆ, ಇಲ್ಲಿ ಮೊದಲ ಶತಮಾನದಲ್ಲಿ ಸ್ನಾನಗೃಹ ಕಟ್ಟಿದವರು ರೋಮನ್ನರು. ಸ್ಥಳೀಯ ದೇವತೆ ಸುಲಿಸಳನ್ನು ತಮ್ಮ ಮಿನರ್ವಾಳೊಂದಿಗೆ ಸೇರಿಸಿ ಗುಡಿಯನ್ನೂ ಕಟ್ಟಿದರು. ಗೌರವ ಗೈಡುಗಳು ರೋಮನ್ ಸ್ನಾನಗೃಹದೊಳಗೆ ಕರೆದೊಯ್ಯುವುದಿಲ್ಲ. ಅದಕ್ಕೆ ಬೇರೆ ಟಿಕೆಟ್ ತೆಗೆಸಬೇಕು. ನಾವು ಮರುದಿನ ಹೋದೆವು. ದೊಡ್ಡ ಕೊಳದ ತಳಕ್ಕೆ ರೋಮನ್ನರು ಹಾಸಿದ ಸೀಸದ ತಗಡು ಇಂದಿಗೂ ಇದೆ. ಮೇಲಿನ ಕಂಬ, ವಿಗ್ರಹಗಳು ಮಾತ್ರ ಹತ್ತೊಂಬತ್ತನೆಯ ಶತಮಾನದವು. ನಮ್ಮನ್ನು ಬಹಳ ಹೊತ್ತು ನಿಲ್ಲಿಸಿದ್ದು ಶಾಪದ ತಗಡುಗಳು. ವಸ್ತು ಕಳೆದುಕೊಂಡವರು ಕಳ್ಳನಿಗೆ ಕೇಡು ಕೋರಿ, ತೆಳ್ಳನೆಯ ಸೀಸದ ತಗಡಿನ ಮೇಲೆ ಬರೆದು ಬುಗ್ಗೆಯೊಳಗೆ ಎಸೆಯುತ್ತಿದ್ದರು. ಅಂಥ ಸುಮಾರು 130 ತಗಡುಗಳು ಸಿಕ್ಕಿವೆ. ಡೊಸಿಮೆಡಿಸ್ ಎಂಬುವನ ಎರಡು ಕೈಗವಸು ಕಳುವಾಗಿವೆ. ಕದ್ದವನ ಬುದ್ಧಿಯೂ ಕಣ್ಣೂ ಹೋಗಲಿ ಎಂದು ಅವನ ಬೇಡಿಕೆ. ವರ್ಷಕ್ಕೊಮ್ಮೆ ಕ್ಷಮಾವಾಣಿಯ ಪತ್ರ ಬರೆಯುವ ನಾವು ಇದನ್ನು ನೋಡಿ ನಗಬಹುದೇನೋ. ಆದರೆ ಸಿಟ್ಟು ತಣಿದ ಮೇಲೆ ಆ ತಗಡನ್ನು ಬುಗ್ಗೆಯಿಂದ ಹಿಂದಕ್ಕೆ ತೆಗೆಯಲು ಅವನಿಗೆ ದಾರಿಯಿರಲಿಲ್ಲ ಎಂಬುದೇ ನಮ್ಮ ತಲೆಯಲ್ಲಿ ಉಳಿಯಿತು.

ಹದಿನೆಂಟನೆಯ ಶತಮಾನದಲ್ಲಿ ಈ ಊರು ಮತ್ತೆ ಮೇಲೆ ಬಂತು. ಸಿರಿವಂತರು ನೀರು ಕುಡಿಯಲು, ಸ್ನಾನಕ್ಕೆ, ಅದಕ್ಕಿಂತ ಹೆಚ್ಚಾಗಿ ಜೂಜಿಗೆ, ಮಗಳಿಗೆ ವರ ಹುಡುಕಲು ಇಲ್ಲಿಗೆ ಬರುತ್ತಿದ್ದರು. ಬೋ ನ್ಯಾಶ್ ಎಂಬಾತ ಸಭೆ-ಸಮಾರಂಭಗಳ ಯಜಮಾನನಾಗಿ, ಗಂಡಸರು ಕತ್ತಿ ಕಟ್ಟಿಕೊಂಡು ಓಡಾಡದಂತೆ ನಿಯಮ ಮಾಡಿದ. ಇದೇ ಕಾಲದಲ್ಲಿ, 1738ರಲ್ಲಿ, ಬಡ ರೋಗಿಗಳಿಗಾಗಿ ಖನಿಜ ಜಲದ ಆಸ್ಪತ್ರೆಯ ಕೆಲಸ ಆರಂಭವಾಯಿತು. ಅಲ್ಲಿ ಸೇರುವ ಪರಊರಿನ ರೋಗಿ ಮೊದಲೇ ಒಂದಿಷ್ಟು ಹಣ ಠೇವಣಿ ಇಡಬೇಕು. ಗುಣವಾದರೆ ಊರಿಗೆ ಹಿಂದಿರುಗುವ ಖರ್ಚಿಗೆ, ಸತ್ತರೆ ಮಣ್ಣಿನ ಖರ್ಚಿಗೆ. ದಾನದ ಮನೆಯಲ್ಲಿಯೂ ಲೆಕ್ಕ ಎಷ್ಟು ಬಿಗಿ ನೋಡಿ.

ಅಲ್ಲಿಂದ ಏರುದಾರಿ. ಮಂಡಿನೋವಿನವರು ನಿಧಾನವಾಗಿ ಬರಲಿ ಎಂದು ಗೈಡಮ್ಮ ಮೂಲೆಮೂಲೆಗೆ ನಿಂತು ಕಥೆ ಹೇಳುತ್ತಿದ್ದರು. ಜಾನ್ ವುಡ್ ಎಂಬ ವಾಸ್ತುಶಿಲ್ಪಿ ಕಟ್ಟಿಸಿದ ಕ್ವೀನ್ ಸ್ಕ್ವೇರ್, ಅವನು 1754ರಲ್ಲಿ ಆರಂಭಿಸಿ ಅದೇ ವರ್ಷ ತೀರಿಕೊಂಡ ಮೇಲೆ ಮಗ ಮುಗಿಸಿದ ಸರ್ಕಸ್ ಎಂಬ ವರ್ತುಲಾಕಾರದ ಮನೆಸಾಲು, ಆಮೇಲೆ ಮಗನದೇ ಆದ ರಾಯಲ್ ಕ್ರೆಸೆಂಟ್. ಅರ್ಧಚಂದ್ರಾಕಾರವಾಗಿ ನಿಂತ ಮೂವತ್ತು ಮನೆಗಳ ಸಾಲು, ಮುಂದೆ ವಿಶಾಲ ಹುಲ್ಲುಹಾಸು. ದನಕರುಗಳು ಮನೆಯತ್ತ ಬರದಂತೆ, ನೋಟಕ್ಕೂ ಅಡ್ಡಬಾರದಂತೆ, ಗೋಡೆಯನ್ನು ಹಳ್ಳದೊಳಗೆ ಅಡಗಿಸಿದ್ದಾರೆ. ಜೇನಿನ ಬಣ್ಣದ ಕಲ್ಲು ಬಿಸಿಲಿಗೆ ಹೊಳೆಯುತ್ತಿತ್ತು. ಎಲ್ಲರೂ ಫೋಟೋ ತೆಗೆದರು.

ಫೋಟೋ ಮುಗಿಯುವವರೆಗೂ ಕಾದಿದ್ದ ಗೈಡಮ್ಮ, "ಇನ್ನು ಹಿತ್ತಲು ನೋಡೋಣ ಬನ್ನಿ" ಎಂದರು. ಹಿಂಬದಿಯ ಓಣಿಗೆ ಹೋದರೆ ಬೇರೆಯೇ ಊರು! ಒಂದು ಗೋಡೆ ಮುಂದೆ, ಇನ್ನೊಂದು ಹಿಂದೆ, ಕಿಟಕಿಗಳು ಒಂದಕ್ಕೊಂದು ಸಾಲಿಲ್ಲ, ಮಾಡು ಏರುಪೇರು, ಕೊಳವೆಗಳು ಹೊರಗೆ. ವುಡ್ ವಿನ್ಯಾಸ ಮಾಡಿದ್ದು ಮುಂಭಾಗವನ್ನಷ್ಟೇ. ಅದರಲ್ಲಿ ಇಂತಿಷ್ಟು ಪಾಲು ಕೊಂಡವರು ಹಿಂದೆ ತಮ್ಮ ಇಷ್ಟದಂತೆ, ತಮ್ಮ ಕೈಲಾದಂತೆ ಮನೆ ಕಟ್ಟಿಕೊಂಡರು. ಮಹಡಿ ಬಸ್ಸಿನಲ್ಲಿ ಹೋಗುವವರಿಗೆ ಇದು ಕಾಣುವುದಿಲ್ಲ. ಇಂಥ ಮನೆಗಳಿಗೆ ಬಂದಿಳಿದ ಹಲವರ ಹಣ ವೆಸ್ಟ್ ಇಂಡೀಸಿನ ಸಕ್ಕರೆ ತೋಟಗಳಲ್ಲಿ ಗುಲಾಮರ ದುಡಿಮೆಯಿಂದ ಬಂದದ್ದು ಎಂಬುದನ್ನೂ ಅವರು ಆ ಓಣಿಯಲ್ಲಿ ನಿಂತೇ ಹೇಳಿದರು. ಊರಿನ ಗುಡ್ಡದ ಮೇಲೆ ಗೋಪುರ ಕಟ್ಟಿಸಿದ ವಿಲಿಯಂ ಬೆಕ್‌ಫರ್ಡನ ಸಂಪತ್ತು ಜಮೈಕಾದ ತೋಟಗಳದ್ದು. ಗುಂಪು ಸ್ವಲ್ಪ ಹೊತ್ತು ಸುಮ್ಮನಾಯಿತು.

1771ರಲ್ಲಿ ತೆರೆದ ಅಸೆಂಬ್ಲಿ ರೂಮ್ಸ್ ಎದುರು ಯುದ್ಧದ ಮಾತು ಬಂತು. 1942ರ ಏಪ್ರಿಲ್ 25ರಿಂದ 27ರವರೆಗೆ ಜರ್ಮನ್ ವಿಮಾನಗಳು ಬಾತ್ ಮೇಲೆ ಬಾಂಬು ಸುರಿದು ನಾನೂರಕ್ಕೂ ಹೆಚ್ಚು ಜನ ಸತ್ತರು. ಕಟ್ಟಡದ ಒಳಭಾಗ ಸುಟ್ಟುಹೋಯಿತು. ಯುದ್ಧಕ್ಕೆ ಮುಂಜಾಗ್ರತೆಯಾಗಿ ಕಳಚಿಟ್ಟಿದ್ದರಿಂದ ಗಾಜಿನ ದೊಡ್ಡ ದೀಪಗುಚ್ಛಗಳು ಮಾತ್ರ ಉಳಿದವು. ಅಂದವಾದ ಹಳೆಯ ಊರುಗಳನ್ನೇ ಆರಿಸಿ ಮಾಡಿದ ಈ ದಾಳಿಗಳಿಗೆ ಪ್ರಸಿದ್ಧ ಜರ್ಮನ್ ಪ್ರವಾಸಿ ಕೈಪಿಡಿಯಾದ ಬೇಡೆಕರ್‌ನ ಹೆಸರೇ ಅಂಟಿಕೊಂಡಿತು. ಊರು ತೋರಿಸುವ ಪುಸ್ತಕದ ಹೆಸರು ಊರು ಸುಡುವ ಕೆಲಸಕ್ಕೆ! ಆದರೆ ಗೈಡಮ್ಮ ಅಷ್ಟಕ್ಕೇ ಬಿಡಲಿಲ್ಲ. ಯುದ್ಧವಾದ ಮೇಲೆ, 1960 ಮತ್ತು 70ರ ದಶಕಗಳಲ್ಲಿ, ಕುಶಲಕರ್ಮಿಗಳು, ಕೂಲಿಕಾರರು ಬಾಳಿದ್ದ ಅದೇ ಕಾಲದ ಸಣ್ಣ ಮನೆಗಳ ಸಾಲುಗಳನ್ನು ಊರಿನವರೇ ಕೆಡವಿದರು ಎಂದರು. ದೊಡ್ಡವರ ಮನೆ ಉಳಿಸಿ ಬಡವರ ಮನೆ ಅಳಿಸಿದ್ದಾಯಿತು. 1973ರಲ್ಲಿ ಆಡಂ ಫರ್ಗುಸನ್ ಈ ಬಗ್ಗೆ ಪುಸ್ತಕ ಬರೆದ ಮೇಲೆ ಕೂಗು ಜೋರಾಯಿತು.

ನಮ್ಮ ಗಡಿಯೂರುಗಳಲ್ಲಿ ಕನ್ನಡ ಶಾಸನದ ಕಲ್ಲಿನ ಮೇಲೆ ಬಟ್ಟೆ ಒಗೆಯುವುದನ್ನು ನಾವು ಕಂಡಿದ್ದೇವೆ. ಆ ಓಣಿಯ ಕಥೆ ಬಲ್ಲ ಹಿರಿಯರೂ ಅದೇ ಓಣಿಯ ಕಟ್ಟೆಯ ಮೇಲೆ ಕುಳಿತಿರುತ್ತಾರೆ, ಯಾರೂ ಕೇಳುವುದಿಲ್ಲ. ಬಾತ್‌ನವರಿಗೆ 1934ರಲ್ಲಿ ಇದಕ್ಕೆ ಬೇಕಾದದ್ದು ಕೆಲವು ಜನರ ಎರಡು ತಾಸಿನ ಬಿಡುವು, ಅಷ್ಟೇ.

ನಡಿಗೆ ಮುಗಿದದ್ದು ಪುಲ್ಟ್ನಿ ಸೇತುವೆಯ ಬಳಿ. ಎರಡೂ ಕಡೆ ಅಂಗಡಿಗಳಿರುವ ಈ ಸೇತುವೆ 1774ರದು. ಮೇಲೆ ನಡೆಯುವಾಗ ಕೆಳಗೆ ನದಿಯಿದೆ ಎಂದೇ ತಿಳಿಯದು.

ಹೋಗುವವರಿಗೆ ಕೆಲವು ಮಾತು. ರೋಮನ್ ಕೊಳದ ಹಸಿರು ನೀರಿಗೆ ಕೈಹಾಕಬಾರದು. 1978ರಲ್ಲಿ ಬುಗ್ಗೆಯ ನೀರಿನಲ್ಲಿದ್ದ ಅಮೀಬಾದಿಂದ ಒಬ್ಬ ಹುಡುಗಿ ತೀರಿಕೊಂಡ ಮೇಲೆ ಸ್ನಾನವೇ ನಿಂತಿತ್ತು. ಹೊಸದಾಗಿ ಕೊರೆದ ಕೊಳವೆಗಳಿಂದ ಶುದ್ಧ ನೀರು ಪಡೆದು, 2006ರಲ್ಲಿ ಬೇರೊಂದು ಸ್ನಾನಗೃಹ ತೆರೆದಿದ್ದಾರೆ. ದರ ಮಾತ್ರ ಜೋರು. ಸ್ಯಾಲಿ ಲನ್ ಎಂಬ ಊರಿನ ಹೆಸರಾಂತ ಬನ್ನಿಗೆ ಮೊಟ್ಟೆ ಬೆರೆಸುತ್ತಾರೆ, ನಮಗಾಗದು. ನಾವು ಕಟ್ಟಿಕೊಂಡು ಹೋಗಿದ್ದ ದಶಮಿ, ಶೇಂಗಾ ಚಟ್ನಿಯನ್ನೇ ಉದ್ಯಾನದ ಬೆಂಚಿನ ಮೇಲೆ ಬಿಚ್ಚಿದೆವು. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಮನೆಗಳವರು ಜೂನ್ ತಿಂಗಳಲ್ಲಿ ಹೋದರೆ ರಾತ್ರಿ ಒಂಬತ್ತೂವರೆಯ ಸುಮಾರಿಗೆ ಸೂರ್ಯ ಮುಳುಗುವುದರಿಂದ ಅವಸರವಿಲ್ಲ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲು; ಆಗ ಬೆಳಗಿನ ನಡಿಗೆಗೇ ಹೋಗಬೇಕು.