ಕೊರವಂಗಲದ ಗುಡಿಯೂ ಊರು ಬಿಡುವ ತಂಡಗಳೂ

ಹಾಸನದಿಂದ ಅರಸೀಕೆರೆಯ ದಿಕ್ಕಿಗೆ ಸುಮಾರು 10 ಕಿಲೋಮೀಟರು ಹೋದರೆ ಕೊರವಂಗಲವೆಂಬ ಗ್ರಾಮವು ಸಿಕ್ಕುತ್ತದೆ. ರೈಲಿನಲ್ಲಿ ಸಂಚರಿಸುವವರು ಈ ಹೆಸರನ್ನು ನಿಲ್ದಾಣದ ಹಲಗೆಯ ಮೇಲೆ ಓದಿರಬಹುದು. ಇಳಿದು ನೋಡಿದವರು ವಿರಳ. ಬೇಲೂರು ಹಳೇಬೀಡುಗಳ ಕೀರ್ತಿಯು ಈ ಸೀಮೆಯ ಸಣ್ಣ ಗುಡಿಗಳನ್ನೆಲ್ಲ ಮರೆಮಾಡಿಬಿಟ್ಟಿದೆ.

ಕ್ರಿ. ಶ. 1173ರಲ್ಲಿ ಇಮ್ಮಡಿ ವೀರಬಲ್ಲಾಳನಿಗೆ ಪಟ್ಟವಾದಾಗ, ಹೊಯ್ಸಳರ ಅಧಿಕಾರಿಯಾಗಿದ್ದ ಬೂಚಿರಾಜನು ಆ ಸಂತೋಷದ ನೆನಪಿಗೆ ಇಲ್ಲಿ ಬೂಚೇಶ್ವರ ದೇವಾಲಯವನ್ನು ಕಟ್ಟಿಸಿದನು. ಎದುರೆದುರಾಗಿ ಎರಡು ಗರ್ಭಗುಡಿಗಳು: ಪಶ್ಚಿಮದ್ದು ಶಿವನದು, ಪೂರ್ವದ್ದು ಸೂರ್ಯನದು. ನಡುವಣ ಮಂಟಪದ ನುಣುಪಾದ ಕಂಬಗಳ ಮೇಲೆ ಬೆಳಗಿನ ಬೆಳಕು ಬೀಳುವುದನ್ನು ನೋಡುತ್ತ ನಾವು ಒಂದು ತಾಸು ಕುಳಿತೆವು. ಬೂಚಿರಾಜನ ಅಣ್ಣಂದಿರು ಕಟ್ಟಿಸಿದ ಗೋವಿಂದೇಶ್ವರ, ನಾಕೇಶ್ವರ ಗುಡಿಗಳು ಇದೇ ಊರಿನಲ್ಲಿ ಪಾಳುಬಿದ್ದಿವೆ. ಪಾಳಾದರೂ ಅವು ಕೊರವಂಗಲದವೇ.

ನಮ್ಮೊಡನೆ ಬಂದಿದ್ದವನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ಶಿಷ್ಯ. ಅವನು ತೊಟ್ಟಿದ್ದ ನೀಲಿ ಅಂಗಿಯು ಬೆಂಗಳೂರು ಎಫ್. ಸಿ. ಎಂಬ ಕಾಲ್ಚೆಂಡಿನ ತಂಡದ್ದೆಂದು ಆಮೇಲೆ ತಿಳಿಯಿತು. ಅವನು ಇದ್ದಕ್ಕಿದ್ದಂತೆ, “ಮೇಷ್ಟ್ರೇ, ಕಟ್ಟಿಸಿದವನಿಗೆ ಬೇಸರವಾದರೆ ಈ ಗುಡಿಯನ್ನು ಬಿಚ್ಚಿ ಬೇರೆ ಊರಿಗೆ ಸಾಗಿಸಬಹುದಾಗಿತ್ತೇ?” ಎಂದು ಕೇಳಿದನು. ಏಕಪ್ಪಾ ಈ ಪ್ರಶ್ನೆ ಎನ್ನಲು, ಹೈದರಾಬಾದಿನ ತಂಡವು 2025ರಲ್ಲಿ ದೆಹಲಿಗೆ ಹೊರಟುಹೋದ ಕಥೆಯನ್ನು ಹೇಳಿದನು.

ಕಥೆಯೇನೋ ವಿಚಿತ್ರವಾಗಿಯೇ ಇದೆ. ದೆಹಲಿಯಲ್ಲಿದ್ದ ಡೈನಮೋಸ್ ತಂಡವು 2019ರಲ್ಲಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್. ಸಿ. ಎಂದು ಹೆಸರು ಬದಲಿಸಿಕೊಂಡಿತು. ಅದೇ ವರ್ಷ ಪುಣೆಯ ತಂಡವು ಮುಚ್ಚಿಹೋಗಿ ಅದರ ಸ್ಥಾನವು ಹೈದರಾಬಾದಿಗೆ ದೊರೆಯಿತು. ಆ ಹೈದರಾಬಾದು ತಂಡವು 2022ರಲ್ಲಿ ಇಂಡಿಯನ್ ಸೂಪರ್ ಲೀಗನ್ನು ಗೆದ್ದು, ಮೂರು ವರ್ಷ ಕಳೆಯುವಷ್ಟರಲ್ಲಿ ದೆಹಲಿಯದಾಯಿತು! ಒಂದೂರಿನ ಹಬ್ಬವು ಮತ್ತೊಂದೂರಿನ ಸೂತಕವಾಗುತ್ತ ಸಾಗುವ ಈ ಚಕ್ರವನ್ನು ನೋಡಿದರೆ, ಗೆದ್ದ ಪಾರಿತೋಷಕವು ಯಾವ ಊರಿನದೆಂದು ಹೇಳುವುದು?

ಬೆಂಗಳೂರಿಗೆ ಇನ್ನೂ ಆ ಗತಿ ಬಂದಿಲ್ಲ. ಕಾಲ್ಚೆಂಡಾಟವು ಅಲ್ಲಿ ನಿನ್ನೆ ಮೊನ್ನೆಯದಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡವು 1937ರಲ್ಲಿಯೂ 1938ರಲ್ಲಿಯೂ ಮುಂಬಯಿಗೆ ಹೋಗಿ ರೋವರ್ಸ್ ಕಪ್ ಗೆದ್ದು ಬಂದಿತು. ಸಂತೋಷ್ ಟ್ರೋಫಿಯನ್ನು ಮೈಸೂರು ಸಂಸ್ಥಾನವು 1946-47ರಲ್ಲಿ ಮೊದಲು ಗೆದ್ದುಕೊಂಡಿತು. 1968-69ರ ಬಳಿಕ ಅದು ನಮ್ಮವರ ಕೈಗೆ ಮರಳಿ ಬಂದದ್ದು 2023ರಲ್ಲಿ, ಅದೂ ದೂರದ ರಿಯಾದಿನಲ್ಲಿ. ಬೆಂಗಳೂರು ಎಫ್. ಸಿ.ಯನ್ನು 2013ರಲ್ಲಿ ಸ್ಥಾಪಿಸಿದವರು ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಡೆಸುವ ಜೆ. ಎಸ್. ಡಬ್ಲ್ಯು. ಸಂಸ್ಥೆಯವರು. ತಂಡವು ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2016ರಲ್ಲಿ ಏಷ್ಯಾದ ಎ. ಎಫ್. ಸಿ. ಕಪ್ಪಿನ ಅಂತಿಮ ಪಂದ್ಯದವರೆಗೆ ಏರಿತು. ಆದರೆ ಅದು ಆಡುವ ಶ್ರೀ ಕಂಠೀರವ ಕ್ರೀಡಾಂಗಣವು ಸರ್ಕಾರದ್ದು. ನಮ್ಮ ದೇಶದ ತಂಡಗಳಲ್ಲಿ ಬಹುಭಾಗ ಬಾಡಿಗೆಯ ಮನೆಯವೇ. ಕಬಡ್ಡಿಯ ಬೆಂಗಳೂರು ಬುಲ್ಸ್ ತಂಡವು 2017ರಲ್ಲಿ ತನ್ನ ‘ತವರಿನ’ ಪಂದ್ಯಗಳನ್ನು ನಾಗಪುರದಲ್ಲಿ ಆಡಿತಂತೆ! ಇದನ್ನು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಒಡೆಯರ ಪಕ್ಷದಲ್ಲಿಯೂ ನ್ಯಾಯವಿಲ್ಲದೆ ಇಲ್ಲ. ಆಟಗಾರರ ಸಂಬಳ, ಪ್ರಯಾಣ, ಮೈದಾನದ ಬಾಡಿಗೆ ಎಲ್ಲವೂ ಅವರ ತಲೆಯ ಮೇಲೆ. ಖಾಲಿ ಪೀಠಗಳ ಮುಂದೆ ವರ್ಷವರ್ಷವೂ ನಷ್ಟವನ್ನು ಹೊತ್ತುಕೊಳ್ಳಿರೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ನೋಡಲು ಬಾರದ ಊರು, ತಂಡ ಹೋದ ಮೇಲೆ ಗೋಳಿಡುವುದೂ ಸೊಗಸಲ್ಲ. ಇದನ್ನೆಲ್ಲ ನಾವು ಹೇಳಿದಾಗ ಶಿಷ್ಯನು, “ನಾವು ಬಿಸಿಲಲ್ಲಿ ನಿಂತು ಕೂಗಿದ್ದಕ್ಕೆ ಲೆಕ್ಕವಿಲ್ಲವೇ ಮೇಷ್ಟ್ರೇ?” ಎಂದನು.

ಲೆಕ್ಕವಿದೆ ಎಂದೇ ನಮ್ಮ ಅಭಿಪ್ರಾಯ. ಹಳೆಯ ದಾನಶಾಸನಗಳನ್ನು ಓದಿದವರಿಗೆ ಗೊತ್ತು: ಕೊಟ್ಟವನೇ ಆದರೂ ಕೊಟ್ಟದ್ದನ್ನು ಹಿಂದಕ್ಕೆ ಕಸಿಯಲಾಗದೆಂಬ ಕಟ್ಟಳೆ ಅವುಗಳ ಕೊನೆಯಲ್ಲಿ ಸಾಮಾನ್ಯ. ಬೂಚಿರಾಜನ ಹೆಸರು ದೇವರಿಗೆ ಸೇರಿತು; ದೇವರು ಮಾತ್ರ ಊರಿಗೆ ಸೇರಿದನು. ಕಾಲ್ಚೆಂಡಿನ ತಂಡದಲ್ಲಿ ವ್ಯವಹಾರವು ಇದಕ್ಕೆ ವಿಪರೀತ. ಹಣ ಒಡೆಯನದು, ಹೆಸರು ಊರಿನದು. ಆಟಗಾರರನ್ನೂ ಚೆಂಡನ್ನೂ ಅವನು ಬೇಕಾದಲ್ಲಿಗೆ ಕೊಂಡೊಯ್ಯಲಿ. ಸಾಲವಾಗಿ ಪಡೆದ ಹೆಸರನ್ನೂ, ಆ ಹೆಸರಿನಲ್ಲಿ ಗೆದ್ದ ಬಿರುದುಗಳನ್ನೂ ಊರಿಗೆ ಒಪ್ಪಿಸಿ ಹೋಗಬೇಕು. ಹೊರಡುವ ಮುನ್ನ ಒಂದು ವರ್ಷದ ಅವಕಾಶವಿತ್ತು, ತಂಡವನ್ನು ಉಳಿಸಿಕೊಳ್ಳುವ ಶಕ್ತಿ ಇದೆಯೇ ಎಂದು ಊರನ್ನು ಕೇಳಬೇಕು. ಪತ್ರಿಕೆಯಲ್ಲಿ ಓದಿ ತಿಳಿದುಕೊಳ್ಳಲಿ ಎಂಬುದು ಮರ್ಯಾದೆಯಲ್ಲ.

ಈ ಮಾತು ಬರಿಯ ಮುದುಕರ ಹಂಬಲವೆಂದು ವಾಚಕರು ತಿಳಿಯಬಾರದು. ಲಂಡನ್ನಿನ ವಿಂಬಲ್ಡನ್ ತಂಡಕ್ಕೆ 2002ರಲ್ಲಿ ಸುಮಾರು 90 ಕಿಲೋಮೀಟರು ದೂರದ ಮಿಲ್ಟನ್ ಕೀನ್ಸಿಗೆ ಹೋಗಲು ಅಪ್ಪಣೆ ಸಿಕ್ಕಿತು; ಮರುವರ್ಷ ತಂಡವು ಹೊರಟಿತು. ಊರಿನ ಅಭಿಮಾನಿಗಳು ಅಳುತ್ತ ಕೂಡದೆ 2002ರಲ್ಲಿಯೇ ತಮ್ಮದೊಂದು ತಂಡವನ್ನು ಕಟ್ಟಿ, ಬಯಲಿನಲ್ಲಿ ಹುಡುಗರ ಆಟವನ್ನು ಪರೀಕ್ಷಿಸಿ ಆರಿಸಿಕೊಂಡು, ಕೆಳಗಿನ ಮೆಟ್ಟಿಲಿನಿಂದ ಏರುತ್ತ 2011ರಲ್ಲಿ ದೇಶದ ವೃತ್ತಿಪರ ಲೀಗನ್ನು ಮುಟ್ಟಿದರು. 2020ರಲ್ಲಿ ಹಳೆಯ ಮೈದಾನದ ಹತ್ತಿರವೇ ಹೊಸ ಕ್ರೀಡಾಂಗಣಕ್ಕೆ ಮರಳಿದರು. ಊರು ಬಿಟ್ಟುಹೋದ ತಂಡದವರೂ 2007ರಲ್ಲಿ ವಿಂಬಲ್ಡನ್ನಿನ ಹಳೆಯ ಪಾರಿತೋಷಕಗಳನ್ನು ಆ ಊರು ಸೇರಿದ ಮರ್ಟನ್ ಪೌರಸಭೆಗೆ ಒಪ್ಪಿಸಿದರು. 1988ರಲ್ಲಿ ಲಿವರ್‌ಪೂಲನ್ನು ಸೋಲಿಸಿ ಗೆದ್ದ ಎಫ್. ಎ. ಕಪ್ಪಿನ ಪ್ರತಿಕೃತಿಯೂ ಅವುಗಳಲ್ಲಿತ್ತು.