ಹಳೆಯ ಕೀಲಿಮಣೆಯ ಬೆಲೆ: ಎಸ್. ಪಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ

ಕಳೆದ ಮಾಘದಲ್ಲಿ ಅಣ್ಣನ ವರ್ಷಾಂತಿಕವು ಮುಗಿದ ಮೇಲೆ ಅತ್ತಿಗೆಯವರು ನನ್ನನ್ನು ಹನುಮಂತನಗರದ ಮನೆಗೆ ಕರೆಯಿಸಿ, ಮಹಡಿಯ ಕೋಣೆಯಲ್ಲಿ ಉಳಿದಿದ್ದ ಅವನ ಸಾಮಾನುಗಳಿಗೆ ಒಂದು ದಾರಿ ಕಾಣಿಸಬೇಕೆಂದು ಹೇಳಿದರು. ಪುಸ್ತಕಗಳು ಬಡಾವಣೆಯ ವಾಚನಾಲಯಕ್ಕೆ ಸಂದುವು. ತೇಗದ ಬೀರುವು ಮಗಳ ಮನೆಗೆ ಹೋಯಿತು. ಕೊನೆಗೆ ಉಳಿದದ್ದು ಗಣಕಯಂತ್ರದ ಒಂದು ಹಳೆಯ ಕೀಲಿಮಣೆ. ೧೯೮೯ರಲ್ಲಿ ಅಣ್ಣನು ಅಮೆರಿಕದ ಉದ್ಯೋಗವನ್ನು ಬಿಟ್ಟು ಊರಿಗೆ ಮರಳಿದಾಗ ಬಟ್ಟೆಬರೆಗಳ ನಡುವೆ ಸುತ್ತಿಟ್ಟು ಇದನ್ನು ಹೊತ್ತು ತಂದಿದ್ದನು. ಬೀದಿಯಲ್ಲಿ ಕೂಗುತ್ತ ಬಂದ ಗುಜರಿಯವನು ಅದನ್ನು ಕೈಯಲ್ಲೆತ್ತಿ ಭಾರ ನೋಡಿ ೮೦ ರೂಪಾಯಿ ಕೊಡುವುದಾಗಿ ಹೇಳಿದ್ದನಂತೆ.

“ಎಂಬತ್ತೋ ಎಂಟುನೂರೋ ನನಗೇನು ಗೊತ್ತಪ್ಪಾ? ನೀನು ತಿಳಿದವನು, ನ್ಯಾಯವಾಗಿ ಎಷ್ಟು ಬರುತ್ತದೋ ವಿಚಾರಿಸಿಕೊಂಡು ಬಂದು ಹೇಳು” ಎಂದರು ಅತ್ತಿಗೆ.

ನನ್ನ ಸಂಕಟವು ಆರಂಭವಾದದ್ದು ಈ ಮಾತಿನಿಂದಲೇ. ವಾಚಕರಲ್ಲಿ ಮುಚ್ಚಿಡುವುದೇಕೆ? ಆ ಕೀಲಿಮಣೆಯ ಮೇಲೆ ನನಗೆ ಮೂವತ್ತು ವರ್ಷಗಳಿಂದ ಕಣ್ಣಿದ್ದಿತು. ಅದನ್ನು ನಾನೇ ಕೊಳ್ಳಬೇಕೆಂದು ಮನಸ್ಸಿನಲ್ಲಿ ಆಗಲೇ ನಿಶ್ಚಯಿಸಿಕೊಂಡಿದ್ದೆನು. ಕೊಳ್ಳುವವನೂ ನಾನೇ, ಬೆಲೆ ಕಟ್ಟುವವನೂ ನಾನೇ ಆದರೆ ತಕ್ಕಡಿಯು ಯಾವ ಕಡೆಗೆ ಬಾಗುವುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದುದರಿಂದ ಬೆಲೆಯನ್ನು ಪರರ ಬಾಯಿಂದಲೇ ಕೇಳಬೇಕೆಂದು ಅದನ್ನು ಕೈಚೀಲಕ್ಕೆ ಹಾಕಿಕೊಂಡು, ಒಂದು ಶನಿವಾರ ಎಸ್. ಪಿ. ರಸ್ತೆಗೆ ಹೊರಟೆನು.

ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ. ಹಾಗೆ ಕೇಳಿದರೆ ಆಟೋರಿಕ್ಷಾದವನು ಒಂದು ಗಳಿಗೆ ಯೋಚಿಸುವನು, ಎಸ್. ಪಿ. ರಸ್ತೆ ಎಂದರೆ ಕೂಡಲೆ ತಲೆಯಾಡಿಸುವನು. ೧೫೩೭ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಯಲ್ಲಿ ಅಕ್ಕಿಗೊಂದು ಪೇಟೆ, ಅರಳೆಗೊಂದು ಪೇಟೆ, ಬಳೆಗೊಂದು ಪೇಟೆ ಎಂದು ಕಸುಬಿಗೊಂದು ಬೀದಿಯಾಯಿತಷ್ಟೆ. ಆ ಹಳೆಯ ಪದ್ಧತಿಯನ್ನು ಈ ಕಾಲದಲ್ಲಿಯೂ ನಡೆಯಿಸಿಕೊಂಡು ಬಂದಿರುವ ಬೀದಿ ಇದು. ಇದನ್ನು ಗಣಕಪೇಟೆ ಎಂದು ಕರೆದರೆ ತಪ್ಪಾಗಲಾರದು. ಟೌನ್ ಹಾಲಿನ ಕಡೆಯಿಂದ ಒಳಹೊಕ್ಕರೆ ಹಳೆಯ ಮೋಟಾರು, ತಾಮ್ರದ ತಂತಿ, ಸರಪಳಿ, ಬೇರಿಂಗುಗಳ ಅಂಗಡಿಗಳು. ಮುಂದೆ ಹೋದಂತೆ ಬಣ್ಣಬಣ್ಣದ ತಂತಿಯ ಸುರುಳಿಗಳು ಬಾಗಿಲಿಗೆ ತೋರಣದಂತೆ ತೂಗಾಡುವುವು. ಕೈಗಾಡಿಯವನು “ದಾರಿ, ದಾರಿ” ಎಂದು ಕೂಗುವನು. ದಾರಿಯಾದರೋ ಎಲ್ಲಿಯೂ ಇರುವುದಿಲ್ಲ. ನೆಲಮಾಳಿಗೆಯಲ್ಲಿ, ಮೆಟ್ಟಿಲ ಅಡಿಯಲ್ಲಿ, ಮಂಚದಷ್ಟು ಅಗಲದ ಜಾಗದಲ್ಲಿ, ಹೀಗೆ ಎಲ್ಲೆಂದರಲ್ಲಿ ಒಂದೊಂದು ಅಂಗಡಿ.

ಅಂತಹ ಮೆಟ್ಟಿಲಡಿಯ ಅಂಗಡಿಯೊಂದರಲ್ಲಿ ಕಚೇರಿಗಳಿಂದ ಹರಾಜಿಗೆ ಬಂದ ಕೀಲಿಮಣೆಗಳನ್ನು ಸೌದೆಯಂತೆ ಒಟ್ಟಿದ್ದರು. ಅಂಗಡಿಯ ಯಜಮಾನನು ಅರವತ್ತು ದಾಟಿದವನು. ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿ, ನಾನು ತಂದದ್ದನ್ನು ತೊಡೆಯ ಮೇಲೆ ಇಟ್ಟುಕೊಂಡನು. ಮೊದಲು ಒಂದು ಕೀಲಿಯನ್ನೂ ಒತ್ತಲಿಲ್ಲ. ವೈದ್ಯನು ಮಗುವನ್ನು ಬೋರಲು ಮಲಗಿಸುವಂತೆ ಅದನ್ನು ತಿರುವಿಹಾಕಿ ಬೆನ್ನಿನ ಚೀಟಿಯನ್ನು ಓದಿದನು.

“ಮುಖ ನೋಡಿ ಮೋಸ ಹೋಗಬಾರದು ಸಾರ್. ಬೆನ್ನು ಸುಳ್ಳು ಹೇಳುವುದಿಲ್ಲ” ಎಂದನು.

ಬೆನ್ನಿನ ಚೀಟಿಯಲ್ಲಿ ೧೩೯೧೪೦೧ ಎಂಬ ಅಂಕವೂ ೧೯೮೮ರ ತಾರೀಖೂ ಇದ್ದುವು. ಇದು ಐ.ಬಿ.ಎಂ. ಕಂಪೆನಿಯ ಮಾಡೆಲ್ ಎಂ. ಅಮೆರಿಕದ ಕೆಂಟಕಿ ಪ್ರಾಂತದ ಲೆಕ್ಸಿಂಗ್‌ಟನ್ ನಗರದಲ್ಲಿ ತಯಾರಾದುದು. ೧೯೮೫ರಲ್ಲಿ ಆರಂಭವಾದ ಈ ಮಾದರಿಯನ್ನು ೧೯೯೧ರಿಂದ ಲೆಕ್ಸ್‌ಮಾರ್ಕ್ ಎಂಬ ಸಂಸ್ಥೆಯು ನಡೆಯಿಸಿತು. ೧೯೯೬ರಲ್ಲಿ ಯೂನಿಕಾಂಪ್ ಎಂಬ ಚಿಕ್ಕ ಸಂಸ್ಥೆಯು ಅಚ್ಚುಗಳನ್ನು ಕೊಂಡು ಅದೇ ಊರಿನಲ್ಲಿ ಕೆಲಸವನ್ನು ಮುಂದುವರಿಸಿತು. ಇದರಲ್ಲಿ ಒಂದೊಂದು ಕೀಲಿಯ ಕೆಳಗೂ ಉಕ್ಕಿನ ಒಂದು ಸಣ್ಣ ಸ್ಪ್ರಿಂಗು ಉಂಟು. ಬೆರಳು ಒತ್ತಿದಾಗ ಆ ಸ್ಪ್ರಿಂಗು ತಾಳುವಷ್ಟು ತಾಳಿ ಥಟ್ಟನೆ ಪಕ್ಕಕ್ಕೆ ಬಾಗುವುದು; ಆ ಬಾಗುವಿಕೆಯಿಂದಲೇ ಟಕ್ಕೆಂಬ ಸದ್ದು, ಅದೇ ಕ್ಷಣದಲ್ಲಿ ಅಕ್ಷರದ ಸಂಜ್ಞೆ. ಅಕ್ಷರವು ಬಿದ್ದಿತೆಂಬುದನ್ನು ಕಣ್ಣಿಗೆ ಮೊದಲು ಬೆರಳೇ ಅರಿಯುವುದು. ಈಗಿನ ಅಗ್ಗದ ಕೀಲಿಮಣೆಗಳಲ್ಲಿ ಸ್ಪ್ರಿಂಗಿನ ಸ್ಥಾನದಲ್ಲಿ ರಬ್ಬರಿನ ಬೊಬ್ಬೆಗಳಿರುವುವು. ಅವುಗಳನ್ನು ಒತ್ತುವುದು ಹಳಸಿದ ಇಡ್ಲಿಯನ್ನು ಒತ್ತಿದಂತೆ.

“ಐ.ಬಿ.ಎಂ. ಮುದ್ರೆ ಇದ್ದ ಮಾತ್ರಕ್ಕೆ ಎಲ್ಲವೂ ಚಿನ್ನ ಅಲ್ಲ” ಎಂದು ಯಜಮಾನನು ಒಟ್ಟಿಲಿನಿಂದ ಇನ್ನೊಂದನ್ನು ಎಳೆದು ತೋರಿಸಿದನು. ಮುದ್ರೆ ಅದೇ, ಬಣ್ಣ ಅದೇ. ಒಂದು ಕೀಲಿಯ ಟೊಪ್ಪಿಗೆಯನ್ನು ಮೀಟಿ ತೆಗೆದರೆ ಒಳಗೆ ರಬ್ಬರು! ನಮ್ಮದರಲ್ಲಿ ಟೊಪ್ಪಿಗೆಯ ಕೆಳಗೆ ಸ್ಪ್ರಿಂಗು ಮಿನುಗಿತು. ಟೊಪ್ಪಿಗೆಗಳನ್ನು ಬೆಳಕಿಗೆ ಹಿಡಿದು ನೋಡಿದನು. ಅಗ್ಗದ ಪ್ಲಾಸ್ಟಿಕ್ಕಾದರೆ ಬೆರಳಿನ ಜಿಡ್ಡಿಗೆ ನುಣುಪಾಗಿ ಹೊಳೆಯುವುದು, ಅಕ್ಷರಗಳು ಅಳಿಸಿಹೋಗುವುವು. ಇದರಲ್ಲಿ ಬಣ್ಣವನ್ನು ಪ್ಲಾಸ್ಟಿಕ್ಕಿನೊಳಕ್ಕೇ ಇಳಿಸಿರುವುದರಿಂದ ಅಕ್ಷರಗಳು ಮೂವತ್ತೈದು ವರ್ಷಗಳ ಮೇಲೆಯೂ ಮೊದಲಿನಂತೆಯೇ ಇದ್ದುವು. ಹೊರಗವಚವು ಕಿಟಕಿಯ ಪಕ್ಕದ ಬಿಸಿಲಿಗೆ ಸ್ವಲ್ಪ ಹಳದಿಗಟ್ಟಿತ್ತು. ಹೈಡ್ರೊಜನ್ ಪೆರಾಕ್ಸೈಡಿನಿಂದ ಅದನ್ನು ಬಿಳುಪು ಮಾಡುವವರಿದ್ದಾರೆ. ಕೈ ತಪ್ಪಿದರೆ ಚಿಬ್ಬಿನಂತೆ ಕಲೆ ನಿಲ್ಲುವುದು, ಕೈ ತಪ್ಪದಿದ್ದರೂ ಹಳದಿಯು ಮರಳಿ ಬರುವುದುಂಟು. ಮುಟ್ಟದೆ ಇದ್ದ ಹಳದಿಗೆ ಕೊಡುವ ಬೆಲೆಯನ್ನು ಕೆಟ್ಟ ಬಿಳುಪಿಗೆ ಯಾರೂ ಕೊಡುವುದಿಲ್ಲವೆಂದು ಅವನ ಅನುಭವ.

ಆಮೇಲೆ ಕೀಲಿಮಣೆಯನ್ನು ಕಿವಿಯ ಹತ್ತಿರ ಹಿಡಿದು, ತೆಂಗಿನಕಾಯಿಯನ್ನು ಅಲ್ಲಾಡಿಸುವಂತೆ ಅಲ್ಲಾಡಿಸಿದನು. ಒಳಗೆ ಎರಡು ಮೂರು ಚೂರುಗಳು ಗಿಲಕಿಯಂತೆ ಉರುಳಿದುವು. ಈ ಮಾದರಿಯ ರೋಗ ಇದೊಂದೇ: ಒಳಗಿನ ಪ್ಲಾಸ್ಟಿಕ್ಕಿನ ಹಲಗೆಯನ್ನು ಉಕ್ಕಿನ ತಗಡಿಗೆ ಬಿಗಿದಿರುವುದು ಕರಗಿಸಿ ಒತ್ತಿದ ಪ್ಲಾಸ್ಟಿಕ್ಕಿನ ಮೊಳೆಗಳಿಂದ, ವಯಸ್ಸಾದಂತೆ ಅವು ಒಂದೊಂದಾಗಿ ಮುರಿಯುವುವು. ಸಣ್ಣ ತಿರುಪುಗಳನ್ನು ಹಾಕಿ ಸರಿಪಡಿಸಬಹುದು, ಆದರೆ ಒಂದು ದಿನದ ತಾಳ್ಮೆ ಬೇಕು. “ತಂತಿ ಎಲ್ಲಿ?” ಎಂದು ಕೇಳಿದನು. ಇದರ ತಂತಿಯನ್ನು ಬೇರೆ ಮಾಡಬಹುದಾದುದರಿಂದ ಕಳೆದುಹೋಗುವುದು ಸುಲಭ. ಕೀಲಿಮಣೆಯ ಕಡೆಯ ಕೊಂಡಿಯು ಬೇರೆಲ್ಲಿಯೂ ಸಿಕ್ಕದ ಜಾತಿಯದು. ನಾನು ಬೆಪ್ಪನಂತೆ ನಿಂತೆನು.

ಅಷ್ಟರಲ್ಲಿ ಅಲ್ಲಿಯೇ ಒಟ್ಟಿಲನ್ನು ಕೆದಕುತ್ತಿದ್ದ ತರುಣನೊಬ್ಬನು ಹತ್ತಿರ ಬಂದನು. ಯಾವುದೋ ಕಂಪೆನಿಯಲ್ಲಿ ಇಂಜಿನಿಯರನಂತೆ. ಮನೆಯಲ್ಲಿ ಹದಿನಾಲ್ಕು ಕೀಲಿಮಣೆಗಳಿವೆಯಂತೆ. (ಮದುವೆಯಾಗಿದೆಯೇ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ.) ಅವನಿಂದ ತಿಳಿದುಬಂದದ್ದೇನೆಂದರೆ, ಹಳೆಯದೆಂಬ ಮಾತ್ರಕ್ಕೆ ಬೆಲೆಯು ಏರುವುದಿಲ್ಲ. ಮಾಡೆಲ್ ಎಂ ಲಕ್ಷಗಟ್ಟಲೆ ತಯಾರಾಗಿ, ಗಟ್ಟಿಯಾದುದರಿಂದ ಬಹುಪಾಲು ಉಳಿದೂ ಇದೆ. ಅದಕ್ಕಿಂತ ಹಿಂದಿನ, ೧೯೮೧ರ ಮೊದಲ ಐ.ಬಿ.ಎಂ. ಪಿ.ಸಿ.ಯೊಡನೆ ಬಂದ ಮಾಡೆಲ್ ಎಫ್‌ಗೆ ಗೌರವ ಹೆಚ್ಚು. ಬ್ಯಾಂಕುಗಳ ೪೭೦೪ ಯಂತ್ರಕ್ಕೆಂದು ಮಾಡಿದ ಪುಟ್ಟ ಮಾಡೆಲ್ ಎಫ್ ಕೀಲಿಮಣೆಗಂತೂ ಸಂಗ್ರಾಹಕರು ಜಗಳವಾಡುವರು. ನಮ್ಮ ಕಚೇರಿಗಳಲ್ಲಿ ಬಹುಕಾಲದಿಂದ ಟಕಟಕ ಎನ್ನುತ್ತಿರುವ ಟಿ.ವಿ.ಎಸ್. ಗೋಲ್ಡ್ ಒಳ್ಳೆಯ ವಸ್ತುವೇ ಆದರೂ ಅಂಗಡಿಯಲ್ಲಿ ಹೊಸದೇ ದೊರೆತಿರುವಾಗ ಹಳೆಯದಕ್ಕೆ ಯಾರು ಹೆಚ್ಚು ಕೊಡುವರು?

“ಅಂತರ್ಜಾಲದಲ್ಲಿ ಮೂವತ್ತು ಸಾವಿರ ಅಂತ ಹಾಕಿರುತ್ತಾರೆ, ಅದನ್ನು ನಂಬಬೇಡಿ ಅಂಕಲ್. ಕೇಳಿದ ಬೆಲೆ ಬೇರೆ, ಮಾರಿಹೋದ ಬೆಲೆ ಬೇರೆ. ಮಾರಿಹೋದದ್ದನ್ನು ಮಾತ್ರ ನೋಡಬೇಕು” ಎಂದು ಅವನು ಹೇಳಿದ ಮಾತು ನನಗೆ ಬಹಳ ಹಿಡಿಸಿತು. ನಿವೇಶನಗಳ ವಿಷಯದಲ್ಲಿ ನಾವು ಇದನ್ನು ಬಲ್ಲೆವು, ಉಳಿದೆಡೆ ಮರೆಯುತ್ತೇವೆ. ಮೇಲಾಗಿ ಅಮೆರಿಕದಲ್ಲಿ ಮಾರಿದ ಬೆಲೆಯು ಅಮೆರಿಕದಲ್ಲಿ ಮಾತ್ರ ಸತ್ಯ. ಎರಡು ಕಿಲೋಗ್ರಾಮಿಗೂ ಮೀರಿ ತೂಗುವ ವಸ್ತುವನ್ನು ಅಲ್ಲಿಗೆ ಕಳುಹಿಸುವ ಅಂಚೆವೆಚ್ಚವೇ ಲಾಭವನ್ನು ನುಂಗುವುದು.

ಯಜಮಾನನು ೨,೦೦೦ ರೂಪಾಯಿಗೆ ತಾನು ಕೊಳ್ಳುವೆನೆಂದನು. ತರುಣನು, ತಂತಿಯು ದೊರೆತು ಎಲ್ಲ ಕೀಲಿಗಳೂ ನಡೆದರೆ ೬,೫೦೦ ಕೊಡಲು ಸಿದ್ಧನೆಂದನು. ಯಾವುದು ನ್ಯಾಯ? ಹಿಂದಿರುಗುವಾಗ ಮೆಟ್ರೋ ಗಾಡಿಯಲ್ಲಿ ಇದನ್ನೇ ಯೋಚಿಸುತ್ತಿದ್ದೆನು. ೨,೦೦೦ ಎಂದು ಅತ್ತಿಗೆಗೆ ಹೇಳಿದರೆ ಸುಳ್ಳಾಗುತ್ತಿರಲಿಲ್ಲ. ಮಳಿಗೆಯವನ ಬಾಯಿಂದ ಬಂದ ಬೆಲೆಯೇ ಅದು. ಆದರೆ ಅವನ ಬೆಲೆಯಲ್ಲಿ ಅಂಗಡಿಯ ಬಾಡಿಗೆ, ಮಾರದೆ ಉಳಿಯುವ ಭಯ, ಅವನ ಲಾಭ ಇವೆಲ್ಲ ಸೇರಿವೆ. ಮನೆಯಿಂದ ಮನೆಗೆ ಹೋಗುವ ವಸ್ತುವಿಗೆ ಇವು ಯಾವುವೂ ಇಲ್ಲ. ಹಾಗಾದರೆ ತರುಣನ ಬೆಲೆಯೇ ಬೆಲೆ. ಮೊಳೆಗಳ ರಿಪೇರಿಗೆಂದು ಕಳೆಯಬಹುದೇ? ಮುರಿದ ಮೊಳೆಗಳ ಸದ್ದನ್ನು ಕೇಳಿಯೇ ಅವನು ಆ ಬೆಲೆಯನ್ನು ಹೇಳಿದ್ದನು. ಎರಡು ಸಲ ಕಳೆಯುವುದು ಲೆಕ್ಕವಲ್ಲ. ಒಪ್ಪಿಕೊಳ್ಳಲು ನನಗೆ ನಾಲ್ಕು ನಿಲ್ದಾಣಗಳಷ್ಟು ಹೊತ್ತು ಹಿಡಿಯಿತು.

ತಂತಿಯನ್ನು ಎರಡು ದಿನ ಹುಡುಕಿದೆವು. ಕೊನೆಗೆ ಅದು ಸಿಕ್ಕಿದ್ದು ಅತಿಥಿಗಳ ಹಾಸಿಗೆಯ ಸುರುಳಿಗೆ ಸುತ್ತಿ ಕಟ್ಟಿದ್ದ ರೂಪದಲ್ಲಿ! “ಗಟ್ಟಿಯಾದ ದಾರ ಅಂತ ಕಟ್ಟಿದ್ದೆ” ಎಂದರು ಅತ್ತಿಗೆ. ಎಸ್. ಪಿ. ರಸ್ತೆಯಿಂದ ತಂದಿದ್ದ ಪರಿವರ್ತಕದ ಮೂಲಕ ಕೀಲಿಮಣೆಯನ್ನು ಈಗಿನ ಗಣಕಕ್ಕೆ ಜೋಡಿಸಿ ೧೦೧ ಕೀಲಿಗಳನ್ನೂ ಒಂದೊಂದಾಗಿ ಒತ್ತಿದೆನು. ಎಲ್ಲವೂ ನಡೆದುವು, ಮೇಲಿನ ಸಾಲಿನಲ್ಲಿ ಎರಡು ಮಾತ್ರ ಸ್ವಲ್ಪ ಮಂಕು. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದ ಪ್ರಸಾದದಿಂದ ಆ ಇಂಗ್ಲಿಷ್ ಕೀಲಿಗಳಿಂದಲೇ ಕನ್ನಡವೂ ಮೂಡಿತು. ಅಣ್ಣನು ಊರಿನ ದೇವಸ್ಥಾನದ ಚರಿತ್ರೆಯನ್ನು ಇದರಲ್ಲಿಯೇ, ರಾತ್ರಿಯ ಹೊತ್ತು ಕುಳಿತು, ಬರೆದು ಮುಗಿಸಿದ್ದನು.

ನಾನು ನಡೆದ ಸಂಗತಿಯನ್ನೆಲ್ಲ ಹೇಳಿ, ಮಳಿಗೆಯವನ ಬೆಲೆಯನ್ನೂ ತರುಣನ ಬೆಲೆಯನ್ನೂ ತಿಳಿಸಿ, ಕೊಳ್ಳುವವನು ನಾನೇ ಎಂದು ಒಪ್ಪಿಕೊಂಡು ೬,೫೦೦ ರೂಪಾಯಿಗಳನ್ನು ಅತ್ತಿಗೆಯ ಮುಂದೆ ಇಟ್ಟೆನು. ಅವರು ಬೇಡವೆನ್ನುವರೆಂದೂ, “ಅಣ್ಣನ ವಸ್ತು, ಸುಮ್ಮನೆ ತೆಗೆದುಕೊಂಡು ಹೋಗು” ಎನ್ನುವರೆಂದೂ ಒಳಗೊಳಗೇ ಒಂದು ಆಸೆ ಇದ್ದಿತೆಂಬುದನ್ನು ಅಲ್ಲಗಳೆಯಲಾರೆನು. ಅವರು ನೋಟುಗಳನ್ನು ಎರಡು ಸಲ ಎಣಿಸಿ ಸೆರಗಿಗೆ ಗಂಟು ಹಾಕಿಕೊಂಡರು.

“ಮೂವತ್ತು ವರ್ಷ ಆ ಟಕಟಕದಲ್ಲಿ ನನಗೆ ನಿದ್ದೆಯಿರಲಿಲ್ಲ. ಈ ಒಂದು ವರ್ಷ ಅದಿಲ್ಲದೆಯೂ ನಿದ್ದೆ ಬರಲಿಲ್ಲ. ತೆಗೆದುಕೊಂಡು ಹೋಗಪ್ಪಾ” ಎಂದರು.

ಈಗ ಅದು ನನ್ನ ಮೇಜಿನ ಮೇಲಿದೆ. ರಾತ್ರಿ ಒಂಬತ್ತಾದ ಮೇಲೆ ನನ್ನ ಹೆಂಡತಿಯು ಕೋಣೆಯ ಬಾಗಿಲನ್ನು ಹೊರಗಿನಿಂದ ಎಳೆದುಕೊಳ್ಳುವಳು.