ಬಂಡಿ ಜಾಡಿನಲ್ಲಿ ಕಾರು

ರಾಯಚೂರು ಜಿಲ್ಲೆಯನ್ನು ಬರೀ ಬಯಲು ಎಂದು ಒಂದೇ ಮಾತಿನಲ್ಲಿ ಮುಗಿಸುವವರು ಅಲ್ಲಿನ ಗುಡ್ಡಗಳನ್ನು ನೋಡಿದವರಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಿನ ಎರೆಭೂಮಿಯಲ್ಲಿ ಯಾರೋ ರಾಶಿ ಹಾಕಿ ಮರೆತು ಹೋದಂತೆ ಬಂಡೆಗುಡ್ಡಗಳು. ಒಂದರ ನೆತ್ತಿಯಲ್ಲಿ ಗುಡಿ, ಇನ್ನೊಂದರಲ್ಲಿ ದರ್ಗಾ, ಮತ್ತೊಂದರಲ್ಲಿ ಕುಸಿದ ಬುರುಜು. ಡಾಂಬರು ರಸ್ತೆಯಿಂದ ನೋಡಿದರೆ ಕೈಗೆ ಸಿಕ್ಕುವಂತೆ ಕಾಣುತ್ತವೆ. ಡಾಂಬರು ಮುಗಿದ ಮೇಲೆ ಉಳಿಯುವ ಒಂದೆರಡು ಮೈಲಿಯಲ್ಲೇ ಇರುವುದು ತೊಡಕು. ಆ ದಾರಿ ಹಾಯುವುದು ಇನ್ನೊಬ್ಬರ ಹೊಲದ ನಡುವೆ.

ರಾಯಚೂರು ನಗರದ ಮಟ್ಟಿಗೆ ಈ ಚಿಂತೆಯಿಲ್ಲ. ಕೋಟೆ ಬಸ್ ನಿಲ್ದಾಣದ ಮಗ್ಗುಲಲ್ಲೇ ಇದೆ. ಇಳಿದವರು ನೇರವಾಗಿ ಗುಡ್ಡ ಹತ್ತಬಹುದು. ಹತ್ತುವ ಮುಂಚೆ ಪಶ್ಚಿಮ ಭಾಗದ ಒಳಗೋಡೆಯನ್ನು ಒಮ್ಮೆ ನೋಡಬೇಕು. ಅಲ್ಲಿ 41 ಅಡಿ ಉದ್ದದ ಒಂದೇ ಕಲ್ಲು ಗೋಡೆಯಲ್ಲಿ ಕೂತಿದೆ, ಮೈಮೇಲೆ 1294ರ ಶಾಸನ. ಕಾಕತೀಯರ ಕಾಲದ್ದು. ಶಾಸನದ ಬದಿಗೆ ಆ ಕಲ್ಲನ್ನು ಸಾಗಿಸಿ ತಂದ ಬಗೆಯನ್ನೇ ಕೊರೆದಿದ್ದಾರೆ: ಬಂಡಿ, ಅದನ್ನೆಳೆಯುವ ಕೋಣಗಳ ಉದ್ದನೆಯ ಸಾಲು, ಗಾಲಿಗೆ ಮೀಟುಗೋಲು ಕೊಟ್ಟು ನೂಕುವ ಜನ. ಬೆಟ್ಟದ ಬುಡಕ್ಕೆ ಗಾಡಿ ಒಯ್ಯುವ ಕಷ್ಟ ಈ ಸೀಮೆಗೆ ಹೊಸತಲ್ಲ. ಅಷ್ಟು ಕೋಣಗಳು ಬರುವಾಗ ಯಾರ ಜೋಳ ತುಳಿದವೋ, ಕೊರೆದವನು ಅದನ್ನು ಮಾತ್ರ ತೋರಿಸಿಲ್ಲ.

ನಗರ ದಾಟಿ ದಕ್ಷಿಣಕ್ಕೆ ಹೊರಟರೆ ಮಲಿಯಾಬಾದ್. 1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಮೇಲೆ ಬಂದಾಗ, ಕೋಟೆಗೆ ಒಂದು ಹರದಾರಿಯಷ್ಟು ದೂರದ 'ಮೊಲ್ಲಬಂಡಿ'ಯಲ್ಲಿ ತಂಗಿದನೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ. ಅದು ಇದೇ ಊರೆಂದು ಭಾವಿಸಲಾಗಿದೆ. ಪಾಳು ಕೋಟೆ, ಒಂದೇ ಕಲ್ಲಿನಲ್ಲಿ ಕಡೆದ ಎರಡು ಆನೆಗಳು, ಹಿಂದೆ ಗುಡ್ಡದ ಸಾಲು. ಅಲ್ಲಿಂದ ಆಚೆಗೆ ದಾರಿಗಳೆಲ್ಲ ರೈತರ ದಾರಿಗಳೇ.

ಈ ದಾರಿಗಳಿಗೂ ಒಂದು ಕಾನೂನಿದೆ. ಗ್ರಾಮ ನಕಾಶೆಯಲ್ಲಿ ಜೋಡಿ ಚುಕ್ಕಿ ಗೆರೆ ಇದ್ದರೆ ಅದು ಬಂಡಿದಾರಿ, ಒಂಟಿ ಚುಕ್ಕಿ ಗೆರೆಯಾದರೆ ಕಾಲುದಾರಿ. ನಕಾಶೆ ಕಂಡ ದಾರಿಯನ್ನು ಉತ್ತು ಮುಚ್ಚಿದರೆ ತಹಶೀಲ್ದಾರರಿಗೆ ದೂರು ಕೊಡಬಹುದು. ಅಂಥ ದಾರಿಗಳನ್ನು ತೆರವು ಮಾಡಿಸಿಕೊಡಿ ಎಂದು ಕಂದಾಯ ಇಲಾಖೆ 2023ರಲ್ಲಿ ಸುತ್ತೋಲೆಯನ್ನೂ ಕಳಿಸಿತು. ನಕಾಶೆಯಲ್ಲಿ ಇಲ್ಲದ್ದು ವಹಿವಾಟಿನ ದಾರಿ. ತಲೆಮಾರಿನಿಂದ ಓಡಾಡಿದ್ದೇ ಅದಕ್ಕೆ ಆಧಾರ. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ 20 ವರ್ಷ ತಡೆಯಿಲ್ಲದೆ, ಹಕ್ಕೆಂಬಂತೆ ಬಳಸಿದ್ದನ್ನು ರುಜುವಾತು ಮಾಡಬೇಕು. ಆದರೆ ಇದೆಲ್ಲ ಹೊಲಕ್ಕೆ ಹೊಲ ಹೊಂದಿದವರ ಮಾತು. ಭಾನುವಾರ ಗುಡ್ಡ ನೋಡಲು ಬಂದವನು 20 ವರ್ಷದ ಲೆಕ್ಕ ಎಲ್ಲಿಂದ ತಂದಾನು? ಅವನಿಗೆ ದಾರಿ ಸಿಗುವುದು ಹೊಲದವರ ಒಳ್ಳೆಯತನದಿಂದ, ಅಷ್ಟೇ. ಮೊಬೈಲ್ ನಕ್ಷೆಗೆ ಈ ಭೇದ ಗೊತ್ತಿಲ್ಲ. ಬಂಡಿ ಜಾಡು, ಹೊಲದ ಬದು, ಕಾಲುವೆ ದಂಡೆ ಎಲ್ಲವನ್ನೂ ಅದು ರಸ್ತೆಯೆಂದೇ ತೋರಿಸುತ್ತದೆ.

ದೇವದುರ್ಗದ ಕಡೆಗೆ ಹೋಗುವ ರಸ್ತೆಯಲ್ಲಿ ಗಬ್ಬೂರಿನ ಗುಡಿಗಳು, ಶಾಸನಗಳು ಸಿಗುತ್ತವೆ. ಊರೊಳಗೇ ಇರುವುದರಿಂದ ಅವನ್ನು ನೋಡಲು ತಾಪತ್ರಯವಿಲ್ಲ. ಮುಂದೆ ದೇವದುರ್ಗ ಬೇಡ ನಾಯಕರ ಕೋಟೆಯಿದ್ದ ಊರು. ಒಂದು ಮಗ್ಗುಲಿಗೆ ಗುಡ್ಡ, ಇನ್ನೊಂದಕ್ಕೆ ಬಯಲು. ಶತ್ರು ಬರದಂತೆ ಆರಿಸಿದ ಜಾಗಕ್ಕೆ ಕಾರು ಸಲೀಸಾಗಿ ಹೋಗದಿದ್ದರೆ ನಾಯಕರನ್ನು ದೂರುವ ಹಾಗಿಲ್ಲ.

ಇಲ್ಲಿ ಹತ್ತಿ, ಮೆಣಸಿನಕಾಯಿ, ತೊಗರಿಯ ಹೊಲಗಳು. ನೆಲ ಬಹುಪಾಲು ಎರೆ. ಎರೆ ನೆಲದ ಗುಣ ಅರಿಯದವರು ಅದರ ಮೇಲೆ ಗಾಡಿ ಇಳಿಸಬಾರದು. ಒಣಗಿದ್ದಾಗ ಕಲ್ಲಿನಂತೆ ಗಟ್ಟಿ. ಒಂದು ಹದ ಮಳೆ ಬಿದ್ದರೆ ಸಾಕು, ಮಣ್ಣು ಗಾಲಿಗೆ ಮೆತ್ತಿಕೊಂಡು ಚಕ್ರ ತಿರುಗುವುದೇ ನಿಲ್ಲುತ್ತದೆ. ಆಗ ಟ್ರ್ಯಾಕ್ಟರ್ ಬರಬೇಕು, ಹಗ್ಗ ಬರಬೇಕು, ಸುತ್ತಲಿನ ಕೆಲಸವೆಲ್ಲ ನಿಲ್ಲಬೇಕು. ಕಾರೇನೋ ಹೊರಬಂದು ಊರು ಸೇರುತ್ತದೆ. ಅದು ಕೊರೆದ ಜಾಡು ಮಾತ್ರ ಬಿಸಿಲಿಗೆ ಒಣಗಿ ಗಟ್ಟಿಯಾಗಿ ಉಳಿಯುತ್ತದೆ. ಮರುದಿನ ಹತ್ತಿ ಹೇರಿದ ಬಂಡಿಯ ಗಾಲಿ ಆ ಕೊರಕಲಿಗೆ ಇಳಿದು ಮಗ್ಗುಲಾಗುತ್ತದೆ. ಹೀಗೆ ಒಂದೆರಡು ಸಲ ಆದ ಮೇಲೆ ದಾರಿಯ ಬಾಯಿಗೆ ಜಾಲಿ ಮುಳ್ಳು ಬೀಳುತ್ತದೆ. ಮುಳ್ಳು ಹಾಕಿದ್ದು ಕಾರಿಗಾದರೂ ಅದರ ಪೆಟ್ಟು ಬೀಳುವುದು ಕುರಿ ಹೊಡೆದುಕೊಂಡು ಗುಡ್ಡಕ್ಕೆ ಹೋಗುವವರಿಗೆ, ಅಮಾವಾಸ್ಯೆಗೆ ಗುಡಿಗೆ ಹೋಗುವ ಮುದುಕಿಯರಿಗೆ. ಅವರು ಅರ್ಧ ಮೈಲಿ ಬಳಸಿ ನಡೆಯಬೇಕು.

ಉದ್ಯೋಗ ಖಾತರಿಯಲ್ಲಿ 'ನಮ್ಮ ಹೊಲ ನಮ್ಮ ದಾರಿ' ಎಂದು ಅನೇಕ ಕಡೆ ಮೊರಂ ಹಾಕಿ ದಾರಿ ಮಾಡಿದ್ದರು. ಅಂಥವು ಸಿಕ್ಕರೆ ಅದೃಷ್ಟ. ಆದರೂ ಹೆಸರಿನಲ್ಲೇ ಅದು ಯಾರ ದಾರಿಯೆಂದು ಬರೆದಿದೆಯಲ್ಲ!

ಮಾನ್ವಿ ಕಡೆ ಚಿತ್ರವೇ ಬೇರೆ. ಅಲ್ಲಿ ನೀರು ಬಂದಿದೆ. 227 ಕಿಲೋಮೀಟರ್ ಉದ್ದದ ತುಂಗಭದ್ರಾ ಎಡದಂಡೆ ಕಾಲುವೆ ಕೊಪ್ಪಳದ ಕಡೆಯಿಂದ ಹೊರಟು ಸಿಂಧನೂರು ದಾಟಿ ಮಾನ್ವಿ, ರಾಯಚೂರು ತಾಲ್ಲೂಕುಗಳಿಗೆ ಬರುವ ಹೊತ್ತಿಗೆ ಬಡಕಲಾಗಿರುತ್ತದೆ. ಗುಡ್ಡಗಳ ಸುತ್ತ ಭತ್ತದ ಗದ್ದೆ. ಗದ್ದೆಗಳ ನಡುವೆ ಗಟ್ಟಿ ದಾರಿ ಎಂದರೆ ಕಾಲುವೆಯ ಏರಿ. ಪ್ರವಾಸಿಗೆ ಅದರಂಥ ಅನುಕೂಲದ ರಸ್ತೆ ಬೇರೊಂದಿಲ್ಲ ಎನಿಸುತ್ತದೆ. ಆದರೆ ಏರಿ ಇರುವುದು ನೀರಾವರಿ ಇಲಾಖೆಯ ಓಡಾಟಕ್ಕೆ, ರಿಪೇರಿಗೆ. ಒಂದು ಗಾಡಿಯಷ್ಟೇ ಅಗಲ. ಮೇಲ್ಭಾಗದಲ್ಲಿ ಪಂಪು ಇಟ್ಟು ನೀರೆಳೆಯುತ್ತಾರೆಂದು ಕಾಲುವೆ ದಂಡೆಗೆ ನಿಷೇಧಾಜ್ಞೆ ಹಾಕಿದ ವರ್ಷಗಳೂ ಉಂಟು. ಕೊನೆ ಭಾಗದ ರೈತ ಗೇಜಿನ ಅಂಗುಲ ಎಣಿಸುತ್ತ ಕೂತಿರುವಾಗ ಏರಿಯ ಮೇಲೆ ಗುರುತಿಲ್ಲದ ಕಾರು ಕಂಡರೆ ಅವನ ಅನುಮಾನ ಸಹಜ. ಸುಗ್ಗಿಯಲ್ಲಿ ಇನ್ನೂ ಇಕ್ಕಟ್ಟು. ಭತ್ತ ಕೊಯ್ಯುವ ಯಂತ್ರ ಬಂದಿರುತ್ತದೆ, ಅದಕ್ಕೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ. ಎದುರಿಗೆ ಕಾರು ನಿಲ್ಲಿಸಿ ಮಾಲೀಕ ಗುಡ್ಡ ಹತ್ತಿದ್ದರೆ, ಅವನು ಇಳಿದು ಬರುವ ತನಕ ಬಾಡಿಗೆ ಓಡುತ್ತಲೇ ಇರುತ್ತದೆ.

ಬೆಟ್ಟ ಹತ್ತುವ ಹುಚ್ಚು ಹೆಚ್ಚಿರುವ ಸ್ಕಾಟ್ಲೆಂಡಿನಲ್ಲೂ ಇದೇ ತಕರಾರು. ಅಲ್ಲಿ ಬೆಟ್ಟಗಳು ಬಹುಪಾಲು ದೊಡ್ಡ ಜಮೀನುದಾರರ ಎಸ್ಟೇಟುಗಳಲ್ಲಿವೆ. 2003ರಲ್ಲಿ ಬಂದ ಭೂ ಸುಧಾರಣಾ ಕಾಯ್ದೆ, ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರಿಗಾದರೂ ಖಾಸಗಿ ಜಮೀನಿನ ಮೇಲೆ ಹಾಯ್ದು ಬೆಟ್ಟಕ್ಕೆ ಹೋಗುವ ಹಕ್ಕು ಕೊಟ್ಟಿತು. ನಡೆದು ಹೋಗಿ, ಸೈಕಲ್ಲಿನಲ್ಲಿ ಹೋಗಿ, ಕುದುರೆ ಏರಿ ಹೋಗಿ. ಮೋಟಾರು ಗಾಡಿಗೆ ಮಾತ್ರ ಆ ಹಕ್ಕಿಲ್ಲ. ಎಸ್ಟೇಟಿನ ದಾರಿಯಲ್ಲಿ ಕಾರು ಓಡಿಸಲು ಧಣಿಯ ಅಪ್ಪಣೆ ಬೇಕು. ಕಾಲಿಗೊಂದು ನ್ಯಾಯ, ಗಾಲಿಗೊಂದು ನ್ಯಾಯ ಎಂಬ ಈ ಭೇದ ಬಹಳ ವಿವೇಕದ್ದು. ರಾಯಚೂರಿನ ಹೊಲದವರು ಇದನ್ನು ಕಾಯ್ದೆಯಿಲ್ಲದೆಯೇ ಪಾಲಿಸುತ್ತ ಬಂದಿದ್ದಾರೆ. ನಡೆದು ಹೋಗುವವನನ್ನು ಅವರು ತಡೆಯುವುದಿಲ್ಲ. ಬಾಯಾರಿದ್ದರೆ ನೀರು ಕೊಟ್ಟು ಕಳಿಸುತ್ತಾರೆ. ಇಲ್ಲಿನ ಧಣಿ ಎಂದರೆ ಎರಡು ಮೂರು ಎಕರೆಯವನು, ವ್ಯತ್ಯಾಸ ಇಷ್ಟೇ.

ಹಾಗಾದರೆ ಕಾರು ಎಲ್ಲಿ ನಿಲ್ಲಬೇಕು? ಊರ ಮುಂದಿನ ಬಯಲಲ್ಲಿ, ಶಾಲೆಯ ಮಗ್ಗುಲಲ್ಲಿ, ಕೇಳಿ ನಿಲ್ಲಿಸಿದರೆ ಯಾರೂ ಬೇಡವೆನ್ನರು. "ಗುಡ್ಡಕ್ಕೆ ಹೋಗಬೇಕಿತ್ತು ಯಜಮಾನ್ರೇ, ಗಾಡಿ ಇಲ್ಲಿ ಬಿಡಬಹುದಾ?" ಎಂದರೆ, "ಬಿಡ್ರಿ, ಬಂಡಿ ಹೊಳ್ಳೂವಷ್ಟು ಜಾಗಾ ಇಟ್ಟು ನಿಲ್ಲಸ್ರಿ" ಎಂಬ ಉತ್ತರ ಬರುತ್ತದೆ. ಜೋಡೆತ್ತಿನ ಬಂಡಿ ಹೊರಳಲು ಬೇಕಾಗುವ ಜಾಗ ಪಟ್ಟಣದವರು ಅಂದಾಜು ಮಾಡುವುದಕ್ಕಿಂತ ಬಹಳ ದೊಡ್ಡದು.

ನೆರಳಿನ ವಿಷಯದಲ್ಲಂತೂ ಎಚ್ಚರ ಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೀಮೆಯಿದು. ಹೊಲದಂಚಿನ ಒಂಟಿ ಬೇವಿನ ಮರ ಕಂಡರೆ ಕಾರನ್ನು ಅದರಡಿ ನುಗ್ಗಿಸುವ ಆಸೆ ಯಾರಿಗೂ ಬರುತ್ತದೆ. ಆದರೆ ಆ ನೆರಳು ಖಾಲಿಯಾಗಿ ಕಂಡರೂ ಖಾಲಿಯಲ್ಲ. ಬುಡದಲ್ಲಿ ನೀರಿನ ಕೊಡವಿರುತ್ತದೆ, ರೊಟ್ಟಿಯ ಗಂಟಿರುತ್ತದೆ, ಕೊಂಬೆಗೆ ಸೀರೆಯ ತೊಟ್ಟಿಲು ಕಟ್ಟಿ ಕೂಸನ್ನು ಮಲಗಿಸಿರುತ್ತಾರೆ. ಮಧ್ಯಾಹ್ನ ಹತ್ತಿ ಬಿಡಿಸುವ ಹೆಂಗಸರು ಬಂದು ಕೂರುವುದು ಅಲ್ಲೇ, ಎತ್ತು ಮಲಗುವುದೂ ಅಲ್ಲೇ. ಕಾರು ಬಿಸಿಲಿಗೆ ಕಾದರೆ ಒಂದು ಗಳಿಗೆ ಬಾಗಿಲು ತೆರೆದಿಟ್ಟು ಆರಿಸಿಕೊಳ್ಳಬಹುದು.

ಹೊರಡುವ ಹೊತ್ತೂ ಮುಖ್ಯವೇ. ನೆತ್ತಿಯ ಮೇಲಿಂದ ಸೂರ್ಯ ಮುಳುಗುವುದನ್ನು ನೋಡಿ ಇಳಿಯುತ್ತೇವೆಂದರೆ, ಅದೇ ಹೊತ್ತಿಗೆ ಕೆಳಗಿನ ಜಾಡಿನಲ್ಲಿ ಕುರಿ, ಎಮ್ಮೆ, ಹೊರೆ ಹೊತ್ತವರು, ಮೇವಿನ ಬಂಡಿ ಎಲ್ಲ ಒಟ್ಟಿಗೆ ಊರ ಕಡೆ ಹೊರಟಿರುತ್ತವೆ. ಅವೆಲ್ಲ ಸಾಗುವ ತನಕ ದೀಪ ಆರಿಸಿ, ಹಾರನ್ ಮುಟ್ಟದೆ, ಕಾರು ಬದಿಗೆ ನಿಂತಿರಬೇಕಾಗುತ್ತದೆ.